ಗುರುವಿನ ನೆತ್ತಿಯಲ್ಲಿ ಮಿಣುಕುವ ಟ್ಯೂಬ್‌ಲೈಟ್

ಈ ಸಲ ಬಂದ ಹದಿನೇಳು ಪ್ರಶ್ನೆಗಳಲ್ಲಿ ಆರು ಒಂದೇ ವಿಷಯದ ಮೇಲಿದ್ದವು. ಗುರು ಗ್ರಹದ ಧ್ರುವದಲ್ಲಿ ಬೆಳಕು ಪಟಪಟ ಮಿಣುಕುವ ಒಂದು ವಿಡಿಯೊ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆಯಂತೆ. ನಮ್ಮ ಸೊಸೆಯ ಫೋನಿಗೂ ಬಂದಿದೆ. ಅದರ ಕೆಳಗೆ ಯಾರೋ ‘ಪ್ರಳಯದ ಸೂಚನೆ’ ಎಂದು ಬೇರೆ ಬರೆದಿದ್ದಾರೆ. ಪ್ರಳಯದ ಲೆಕ್ಕ ನನ್ನ ಇಲಾಖೆಯದಲ್ಲ. ಮಿಣುಕುವುದರ ಲೆಕ್ಕ ಮಾತ್ರ ನೋಡೋಣ. ಉಳಿದ ಹನ್ನೊಂದು ಪ್ರಶ್ನೆ ಕಳಿಸಿದವರು ಕೋಪ ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆ ನಿಮ್ಮದೇ.

ಪ್ರಶ್ನೆ: ಮೇಡಂ, 2024ರ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಗಾದ ಫೋಟೊಗಳನ್ನು ಪೇಪರಿನಲ್ಲಿ ನೋಡಿದ್ದೆ. ಅದು ಅರೋರಾ ಎಂದು ಬರೆದಿದ್ದರು. ಎಷ್ಟು ಶಾಂತವಾಗಿತ್ತು! ಗುರು ಗ್ರಹದ ಅರೋರಾ ಮಾತ್ರ ಕೆಟ್ಟುಹೋದ ಟ್ಯೂಬ್‌ಲೈಟ್ ಥರ ಕಾಣುತ್ತದೆ. ಅದು ನಿಜವಾಗಿ ಹಾಗೇ ಮಿಣುಕುತ್ತದೋ, ಅಥವಾ ವಿಡಿಯೊ ಜೋರಾಗಿ ಓಡಿಸಿದ್ದಾರೋ? (ನಿವೃತ್ತ ಬ್ಯಾಂಕ್ ಉದ್ಯೋಗಿ, ವಿಜಯನಗರ)

ಉತ್ತರ: ಎರಡೂ ನಿಜ ಸಾರ್. ವಿಡಿಯೊ ಜೋರಾಗಿಯೇ ಓಡಿಸಿದ್ದಾರೆ. ಆದರೆ ಅಸಲಿ ವೇಗದಲ್ಲಿ ನೋಡಿದರೂ ಅಲ್ಲಿನ ಬೆಳಕು ಸೆಕೆಂಡುಗಳ ಲೆಕ್ಕದಲ್ಲಿ ಬದಲಾಗುತ್ತದೆ.

ನಿಮ್ಮ ಟ್ಯೂಬ್‌ಲೈಟ್ ಹೋಲಿಕೆ ನನಗೆ ತುಂಬಾ ಹಿಡಿಸಿತು. ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿದವಳು ನಾನು. ಹಳೇ ಕಾಲೇಜಿನ ಲ್ಯಾಬಿನಲ್ಲಿ ಒಂದು ಟ್ಯೂಬ್‌ಲೈಟ್ ಸದಾ ಮಿಣುಕುತ್ತಿತ್ತು. ಅಟೆಂಡರ್ ಸ್ಟಾರ್ಟರ್ ಬದಲಿಸಿದ. ಮಿಣುಕು ನಿಲ್ಲಲಿಲ್ಲ. ಟ್ಯೂಬ್ ಬದಲಿಸಿದ. ಆಗಲೂ ನಿಲ್ಲಲಿಲ್ಲ. ಕೊನೆಗೆ ನೋಡಿದರೆ ಟ್ಯೂಬಿನ ಕೆಳಗೇ ಫ್ಯಾನ್ ತಿರುಗುತ್ತಿತ್ತು. ಅದರ ರೆಕ್ಕೆಗಳು ಬೆಳಕನ್ನು ಕತ್ತರಿಸಿ ಕತ್ತರಿಸಿ ನಮ್ಮ ಮೇಜಿಗೆ ಕಳಿಸುತ್ತಿದ್ದವು. ಅವತ್ತಿನಿಂದ ಏನು ಮಿಣುಕಿದರೂ ನನಗೆ ಮೂರು ಜನರ ಮೇಲೆ ಅನುಮಾನ. ಒಂದು, ಕರೆಂಟು ಕೊಡುವವನು. ಎರಡು, ಉರಿಯುವವನು. ಮೂರು, ಮಧ್ಯೆ ಅಡ್ಡ ನಿಂತವನು. ಅರೋರಾಕ್ಕೂ ಇದೇ ವಿಚಾರಣೆ.

ಅರೋರಾ ಅಂದರೆ ಏನು ಅಂತ ಗೊತ್ತೇ ಇದೆ. ಗ್ರಹದ ಕಾಂತಕ್ಷೇತ್ರದ ದಾರಿ ಹಿಡಿದು ಎಲೆಕ್ಟ್ರಾನುಗಳು ಧ್ರುವದ ಕಡೆ ಧುಮುಕುತ್ತವೆ. ಅಲ್ಲಿನ ಗಾಳಿಗೆ ಡಿಕ್ಕಿ ಹೊಡೆಯುತ್ತವೆ. ಗಾಳಿ ಹೊಳೆಯುತ್ತದೆ. ನಮ್ಮ ಪುಸ್ತಕಗಳಲ್ಲಿ ಧ್ರುವಪ್ರಭೆ ಎನ್ನುತ್ತಾರೆ. ನೀವು ಅರೋರಾ ಎಂದೇ ಬರೆದಿದ್ದೀರಿ, ನಾನೂ ಹಾಗೇ ಹೇಳುತ್ತೇನೆ.

ಹಾನ್ಲೆಯ ಕೆಂಪು ಬೆಳಕು ಆಮ್ಲಜನಕದ್ದು. 200 ಕಿಲೋಮೀಟರಿಗೂ ಮೇಲೆ, ಗಾಳಿ ಬಹಳ ತೆಳ್ಳಗಿರುವ ಕಡೆ ಹುಟ್ಟುತ್ತದೆ. ಪೆಟ್ಟು ತಿಂದ ಆಮ್ಲಜನಕದ ಪರಮಾಣು ಆ ಕೆಂಪು ಬೆಳಕನ್ನು ತಕ್ಷಣ ಕೊಡುವುದಿಲ್ಲ. ಸರಾಸರಿ 110 ಸೆಕೆಂಡು ಸುಮ್ಮನೆ ಕೂತಿರುತ್ತದೆ, ಆಮೇಲೆ ಕೊಡುತ್ತದೆ. ಮೇಲಿಂದ ಎಲೆಕ್ಟ್ರಾನುಗಳು ಒಂದು ಸೆಕೆಂಡು ಸುರಿದು ಒಂದು ಸೆಕೆಂಡು ನಿಂತರೂ ನಮಗದು ಗೊತ್ತೇ ಆಗುವುದಿಲ್ಲ. ದೋಸೆ ಕಾವಲಿ ಇದ್ದಹಾಗೆ. ಗ್ಯಾಸ್ ಆಫ್ ಮಾಡಿದ ಮೇಲೂ ಒಂದು ದೋಸೆ ಆಗುವಷ್ಟು ಬಿಸಿ ಅದರಲ್ಲಿರುತ್ತದೆ. ಹಾನ್ಲೆಯಲ್ಲಿ ಕಂಡ ಶಾಂತಿ ಕಾವಲಿಯ ಶಾಂತಿ. ಅದೇ ಆಮ್ಲಜನಕದ ಹಸಿರು ಬೆಳಕು ಮುಕ್ಕಾಲು ಸೆಕೆಂಡಿನಲ್ಲಿ ಹೊರಟುಬಿಡುತ್ತದೆ. ಅದಕ್ಕೇ ನಾರ್ವೆ ಕಡೆಯ ಹಸಿರು ಅರೋರಾಗಳು ಅಷ್ಟು ಕುಣಿಯುತ್ತವೆ. ಹಾನ್ಲೆಯಿಂದ ಆ ಹಸಿರು ಕಾಣುವುದಿಲ್ಲ. ಅದು ಕೆಳಗೆ, ದಿಗಂತದ ಆಚೆ ಉಳಿದುಬಿಡುತ್ತದೆ. ಎತ್ತರದ ಕೆಂಪು ಅಂಚು ಮಾತ್ರ ನಮ್ಮ ಪಾಲಿಗೆ.

ಈಗ ಗುರುವಿಗೆ ಹೋಗೋಣ. ಅಲ್ಲಿ ಆಮ್ಲಜನಕದ ಗಾಳಿ ಇಲ್ಲ, ಇರುವುದು ಹೈಡ್ರೋಜನ್. ಎಲೆಕ್ಟ್ರಾನ್ ಬಡಿದ ಕೂಡಲೇ ಹೈಡ್ರೋಜನ್ ನೇರಳಾತೀತ ಬೆಳಕು ಕೊಡುತ್ತದೆ. ತಡವೇ ಇಲ್ಲ. ಇದು ಗ್ಯಾಸ್ ಉರಿ. ಜೊತೆಗೆ ಇನ್ನೊಂದು ನಡೆಯುತ್ತದೆ. ಪೆಟ್ಟಿನಿಂದ ಎಲೆಕ್ಟ್ರಾನ್ ಕಳಕೊಂಡ ಹೈಡ್ರೋಜನ್ ಪಕ್ಕದವನನ್ನು ಹಿಡಿದುಕೊಳ್ಳುತ್ತದೆ. ಮೂರು ಪರಮಾಣುಗಳ ಒಂದು ವಿಚಿತ್ರ ಅಯಾನು, ಅಂದರೆ ವಿದ್ಯುದಾವೇಶ ಇರುವ ಕಣ, ಆಗುತ್ತದೆ. ಟ್ರೈಹೈಡ್ರೋಜನ್ ಅಂತ ಕರೆಯೋಣ. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ.ಜೆ. ಥಾಮ್ಸನ್ ಅವರೇ 1911ರಲ್ಲಿ ಇದನ್ನೂ ಲ್ಯಾಬಿನಲ್ಲಿ ಕಂಡರು. ಆಕಾಶದಲ್ಲಿ ಅದು ಮೊದಲು ಸಿಕ್ಕಿದ್ದು ಗುರುವಿನ ಅರೋರಾದಲ್ಲೇ, 1980ರ ದಶಕದ ಕೊನೆಗೆ. ಅದು ಇನ್‌ಫ್ರಾರೆಡ್‌ನಲ್ಲಿ ಬೆಚ್ಚಗೆ ಹೊಳೆಯುತ್ತದೆ. ಇದು ಕಾವಲಿ. ಒಂದು ಅನುಕೂಲವೂ ಇದೆ. ಅದೇ ಬಣ್ಣದ ಬಿಸಿಲನ್ನು ಗುರುವಿನ ಮೀಥೇನ್ ಅನಿಲ ನುಂಗಿಬಿಡುತ್ತದೆ. ಹಾಗಾಗಿ ಗ್ರಹದ ಮೈ ಕಪ್ಪಗೆ, ನೆತ್ತಿ ಮಾತ್ರ ಬೆಳ್ಳಗೆ ಕಾಣುತ್ತದೆ.

ಇನ್‌ಫ್ರಾರೆಡ್‌ನಲ್ಲಿ ಬೆಳಕು ನಿಧಾನವಾಗಿ ಏರಿ ನಿಧಾನವಾಗಿ ಇಳಿಯಬೇಕು, ಕಾಲು ಗಂಟೆಯಾದರೂ ಬೇಕು ಎಂದು ವಿಜ್ಞಾನಿಗಳು ಅಂದುಕೊಂಡಿದ್ದರು. 2023ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ದೂರದರ್ಶಕ ಗುರುವಿನ ಕಡೆ ನೋಡಿತು. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಜೊನಾಥನ್ ನಿಕೋಲ್ಸ್ ಮತ್ತು ಜೊತೆಗಾರರು ಅದರ ಫಲಿತಾಂಶವನ್ನು 2025ರ ಮೇನಲ್ಲಿ ಪ್ರಕಟಿಸಿದರು. ನಿಮ್ಮ ವಾಟ್ಸಾಪ್ ವಿಡಿಯೊದ ಮೂಲ ಅದೇ ಇರಬೇಕು. ನಿಧಾನ ಎಲ್ಲಿ ಬಂತು? ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರ್‌ಚುರ್ ಅನ್ನುತ್ತಿತ್ತು. ಲೆಕ್ಕ ಹಾಕಿದಾಗ ಟ್ರೈಹೈಡ್ರೋಜನ್‌ನ ಆಯಸ್ಸು ಸುಮಾರು ಎರಡೂವರೆ ನಿಮಿಷ ಎಂದು ಬಂತು.

ಆಯಸ್ಸು ಅಷ್ಟು ಕಡಿಮೆ ಯಾಕೆ? ಆ ಅಯಾನು ಒಂಟಿ ಎಲೆಕ್ಟ್ರಾನ್ ಸಿಕ್ಕಿದ ಕೂಡಲೇ ಅದರ ಜೊತೆ ಸೇರಿ ಒಡೆದುಹೋಗುತ್ತದೆ. ಅರೋರಾ ಜೋರಾದಷ್ಟೂ ಅಲ್ಲಿ ಎಲೆಕ್ಟ್ರಾನುಗಳು ಜಾಸ್ತಿ. ಎಲೆಕ್ಟ್ರಾನುಗಳು ಜಾಸ್ತಿಯಾದಷ್ಟೂ ಅಯಾನು ಬೇಗ ಸಾಯುತ್ತದೆ. ಹುಟ್ಟಿಸಿದ ಮಳೆಯೇ ಕೊಲ್ಲುವ ಮಳೆಯೂ ಹೌದು. ಆದರೂ ಎರಡೂವರೆ ನಿಮಿಷದ ಕಾವಲಿಯಲ್ಲಿ ಸೆಕೆಂಡಿನ ಮಿಣುಕು ಹೇಗೆ ಕಾಣುತ್ತದೆ ಅಂತ ಕೇಳುತ್ತೀರಿ. ಏರುವುದಕ್ಕೆ ಆಯಸ್ಸಿನ ಹಂಗಿಲ್ಲ. ಉರಿ ಜೋರಾದರೆ ಬೆಳಕು ತಕ್ಷಣ ಏರುತ್ತದೆ. ಇಳಿಯುವುದಕ್ಕೆ ಮಾತ್ರ ಸಮಯ ಬೇಕು. ಕಿಡಿಗಳು ಹೊಸ ಹೊಸ ಜಾಗದಲ್ಲಿ ಏಳುತ್ತಾ ಹೋದರೆ ಇಡೀ ಪ್ರದೇಶ ಕುದಿಯುತ್ತಿರುವ ಹಾಗೆ ಕಾಣುತ್ತದೆ.

ನಿಜವಾದ ತಲೆನೋವು ಬೇರೆ ಇದೆ. ಅದೇ ಹೊತ್ತಿಗೆ ಹಬಲ್ ದೂರದರ್ಶಕವೂ ನೇರಳಾತೀತದಲ್ಲಿ ಅದೇ ಜಾಗ ನೋಡುತ್ತಿತ್ತು. ವೆಬ್‌ಗೆ ಅತಿ ಜೋರಾಗಿ ಕಂಡ ಬೆಳಕಿಗೆ ಹಬಲ್‌ನಲ್ಲಿ ಜೊತೆಯೇ ಇಲ್ಲ! ಕಾವಲಿ ಕಾದಿದೆ, ಕೆಳಗೆ ಉರಿ ಕಾಣುತ್ತಿಲ್ಲ. ಬಹಳ ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳು ತುಂತುರು ಮಳೆಯ ಹಾಗೆ ವಿಪರೀತ ಸಂಖ್ಯೆಯಲ್ಲಿ ಬಿದ್ದರೆ ಹಾಗಾಗಬಹುದು. ಆದರೆ ಅಂಥ ತುಂತುರು ಸಾಧ್ಯವೇ ಇಲ್ಲ ಎಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ನನಗೆ ಇಡೀ ಕಥೆಯಲ್ಲಿ ಇಷ್ಟವಾಗಿದ್ದು ಇದೇ. ಮಿಣುಕುವುದು ಹೋಗಲಿ, ಒಲೆಯೇ ಕಾಣದೆ ದೋಸೆ ಬೇಯುತ್ತಿದೆ ಅಂದರೆ ಏನು ಹೇಳುವುದು?

ಮೂರನೇ ಅನುಮಾನ ಉಳಿಯಿತು, ಅಡ್ಡ ನಿಂತ ಫ್ಯಾನ್. ಭೂಮಿಯ ಮೇಲಿನ ದೂರದರ್ಶಕಕ್ಕೆ ನಮ್ಮ ಗಾಳಿಯೇ ಫ್ಯಾನ್. ನಕ್ಷತ್ರ ಮಿನುಗುವುದು ಅದರಿಂದಲೇ. ವೆಬ್ ಇರುವುದು 15 ಲಕ್ಷ ಕಿಲೋಮೀಟರ್ ಆಚೆ, ಗಾಳಿ ಇಲ್ಲದ ಕಡೆ. ಹಾಗಾಗಿ ಈ ಕೇಸಿನಲ್ಲಿ ಫ್ಯಾನ್ ನಿರಪರಾಧಿ.

ಪ್ರಶ್ನೆ: ಗುರುವಿನಿಂದ ಬೆಳಕು ಬರಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಅಷ್ಟು ತಡವಾಗಿ ಬರುವ ಬೆಳಕಿನಲ್ಲಿ ಸೆಕೆಂಡಿನ ಬದಲಾವಣೆ ಉಳಿದಿರುತ್ತದಾ ಮ್ಯಾಮ್? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಯಲಹಂಕ)

ಉತ್ತರ: ಉಳಿದಿರುತ್ತದೆ ಮಗು. ಗುರು ಹತ್ತಿರ ಬಂದಾಗ ಸುಮಾರು 33 ನಿಮಿಷ, ದೂರ ಹೋದಾಗ 54 ನಿಮಿಷ ಬೇಕು. ಮೆಜೆಸ್ಟಿಕ್‌ನಿಂದ ಐದೈದು ನಿಮಿಷಕ್ಕೆ ಒಂದು ಬಸ್ ಹೊರಟಿತು ಅಂತಿಟ್ಟುಕೋ. ಎಲ್ಲವೂ ಒಂದೇ ವೇಗದಲ್ಲಿ ಬಂದರೆ ಯಲಹಂಕಕ್ಕೂ ಐದೈದು ನಿಮಿಷಕ್ಕೇ ಬರುತ್ತವೆ. ಪ್ರಯಾಣಕ್ಕೆ ಒಂದು ಗಂಟೆ ಹಿಡಿದರೂ ಅಷ್ಟೆ. ಹೆಬ್ಬಾಳ ಫ್ಲೈಓವರ್ ದಾಟುವಾಗ ಮೂರು ಬಸ್ ಒಟ್ಟಿಗೆ ಆಗುವುದು ಬಸ್ಸಿನ ಸಮಸ್ಯೆ. ಖಾಲಿ ಆಕಾಶದಲ್ಲಿ ಬೆಳಕಿಗೆ ಟ್ರಾಫಿಕ್ ಇಲ್ಲ.

ನಿನ್ನ ಪ್ರಶ್ನೆಗೆ ಒಂದು ಬಾಲವೂ ಇದೆ, ನೀನು ಕೇಳಿಲ್ಲ ಆದರೂ ಹೇಳುತ್ತೇನೆ. ಬೆಳಕಿನ ಪ್ರಯಾಣದಿಂದ ಮಿಣುಕು ಹಾಳಾಗುವುದಿಲ್ಲ, ಕ್ಯಾಮೆರಾದಿಂದ ಹಾಳಾಗುತ್ತದೆ. ಒಂದೊಂದು ಫೋಟೊಗೆ ಎರಡು ಮೂರು ನಿಮಿಷ ಷಟರ್ ತೆಗೆದಿಟ್ಟರೆ ಸೆಕೆಂಡಿನ ಕುಣಿತವೆಲ್ಲ ಸರಾಸರಿಯಾಗಿ ಮಾಯ. ಗುರುವನ್ನು ಸುತ್ತುತ್ತಿರುವ ಜುನೋ ನೌಕೆ 2016ರಿಂದ ಅಲ್ಲೇ ಇದೆ. ಆದರೆ ಅದು ತನ್ನ ಸುತ್ತಲೂ ನಿಮಿಷಕ್ಕೆ ಎರಡು ಸಲ ಬುಗುರಿಯ ಹಾಗೆ ತಿರುಗುತ್ತದೆ. ಅದರ ನೇರಳಾತೀತ ಕಣ್ಣಿಗೆ ಒಂದೇ ಜಾಗ 30 ಸೆಕೆಂಡಿಗೊಮ್ಮೆ ಕಾಣುತ್ತದೆ. ಪಕ್ಕದಲ್ಲೇ ಇದ್ದವರಿಗೆ ತಪ್ಪಿದ್ದು ಕೋಟಿಗಟ್ಟಲೆ ಮೈಲಿ ದೂರದವರಿಗೆ ಸಿಗುವುದು ಹೀಗೆ.

ಆ ವಿಡಿಯೊದಲ್ಲಿ ಸಂಜೆಯ ಬದಿಯಲ್ಲಿ ಪೂರ್ವಕ್ಕೆ ಓಡುವ ಬೆಳಕಿನ ಅಲೆ ಇದೆ, ಗಮನಿಸಿದೆಯಾ? ದೀಪಾವಳಿಗೆ ಕಾಂಪೌಂಡಿಗೆ ಹಾಕುವ ಸೀರಿಯಲ್ ಸೆಟ್ ನೆನಪಿಸಿಕೋ. ಬೆಳಕು ಓಡಿದ ಹಾಗೆ ಕಾಣುತ್ತದೆ, ಬಲ್ಬು ಮಾತ್ರ ಇದ್ದಲ್ಲೇ ಇರುತ್ತದೆ. ಓಡುವುದು ಆನ್ ಆಗುವ ಸರದಿ. ಗುರುವಿನಲ್ಲೂ ಹೊಳೆಯುವ ಗಾಳಿ ಅಲ್ಲೇ ಇರುತ್ತದೆ, ಮೇಲಿಂದ ಬಡಿಯುವ ಜಾಗ ಸರಿಯುತ್ತಾ ಹೋಗುತ್ತದೆ.

ಪ್ರಶ್ನೆ: ಗುರು ಸೂರ್ಯನಿಂದ ಅಷ್ಟು ದೂರ ಇದೆ. ಅಲ್ಲಿಗೆ ಬರುವ ಸೌರಗಾಳಿಯೂ, ಅಂದರೆ ಸೂರ್ಯ ಊದುವ ಕಣಗಳ ಹರಿವೂ, ತೆಳ್ಳಗಿರಬೇಕಲ್ಲವೇ? ಮತ್ತೆ ಆ ಪಾಟಿ ಕರೆಂಟು ಎಲ್ಲಿಂದ? (ಗೃಹಿಣಿ, ಬಸವನಗುಡಿ)

ಉತ್ತರ: ಇದು ಪ್ರಶ್ನೆ ಅಂದರೆ! ನಿಮ್ಮ ಮನೆಯಲ್ಲಿ ವೆಟ್ ಗ್ರೈಂಡರ್ ಇರುತ್ತದಲ್ಲ? ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಗುರು ಅಂಥ ದೈತ್ಯ ಗ್ರಹವಾದರೂ 9 ಗಂಟೆ 55 ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಅದರ ಜೊತೆ ಅದರ ಕಾಂತಕ್ಷೇತ್ರವೂ ತಿರುಗುತ್ತದೆ. ಇದು ಗ್ರೈಂಡರ್. ಹಿಟ್ಟು ಹಾಕುವುದು ಯಾರು? ಒಂದು ಉಪಗ್ರಹ. ಹೆಸರು ಐಯೋ. ನಮ್ಮ ಬಾಯಲ್ಲಿ ಅದು ‘ಅಯ್ಯೋ’ ಆಗಿಬಿಡುತ್ತದೆ. ಅದರ ಪಾಡು ನೋಡಿದರೆ ಹಾಗನ್ನುವುದೇ ಸರಿ. ಮೈತುಂಬಾ ಜ್ವಾಲಾಮುಖಿಗಳು, ನಾನೂರಕ್ಕೂ ಹೆಚ್ಚು. ಗುರು ಒಂದು ಕಡೆ ಎಳೆಯುತ್ತದೆ, ಅಕ್ಕಪಕ್ಕದ ಉಪಗ್ರಹಗಳು ಇನ್ನೊಂದು ಕಡೆ ಎಳೆಯುತ್ತವೆ. ಚಪಾತಿ ಹಿಟ್ಟು ನಾದಿದ ಹಾಗೆ ನಾದಿಸಿಕೊಂಡು ಒಳಗೆಲ್ಲ ಕಾದುಹೋಗಿದೆ. ಅಲ್ಲಿಂದ ಸೆಕೆಂಡಿಗೆ ಸುಮಾರು ಒಂದು ಟನ್ ಗಂಧಕದ ಅನಿಲ ಆಕಾಶಕ್ಕೆ ತಪ್ಪಿಸಿಕೊಳ್ಳುತ್ತದೆ. ನೀವು ಈ ಸಾಲು ಓದುವಷ್ಟರಲ್ಲಿ ನಾಲ್ಕೈದು ಸಣ್ಣ ಕಾರಿನ ತೂಕ ಹೊರಟುಹೋಯಿತು.

ಆ ಅನಿಲ ವಿದ್ಯುದಾವೇಶ ಪಡೆದ ಕೂಡಲೇ ಕಾಂತಕ್ಷೇತ್ರದ ಹಿಡಿತಕ್ಕೆ ಸಿಗುತ್ತದೆ. ಐಯೋ ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತದೆ. ಅದೇ ಜಾಗದಲ್ಲಿ ಕಾಂತಕ್ಷೇತ್ರದ ವೇಗ 74. ಅನಿಲವನ್ನು ಕುತ್ತಿಗೆಪಟ್ಟಿ ಹಿಡಿದು ಎಳೆದ ಹಾಗೆ ಆಗುತ್ತದೆ. ಆಮೇಲೆ ಅದು ನಿಧಾನವಾಗಿ ಹೊರಗೆ ಜಾರುತ್ತದೆ, ಗ್ರೈಂಡರಿನಲ್ಲಿ ಹಿಟ್ಟು ಅಂಚಿಗೆ ಸರಿದ ಹಾಗೆ. ಹೊರಗೆ ಹೋದಷ್ಟೂ ಹಿಂದೆ ಬೀಳುತ್ತದೆ. ಹಿಂದೆ ಬಿದ್ದದ್ದನ್ನು ಕಾಂತಕ್ಷೇತ್ರ ಮತ್ತೆ ಎಳೆಯಲು ನೋಡುತ್ತದೆ. ಮೋಟರಿನ ಮೇಲೆ ಲೋಡ್ ಬೀಳುತ್ತದೆ. ಲೋಡ್ ಬಿದ್ದಾಗ ಕರೆಂಟು ಹರಿಯಲೇಬೇಕು. ಆ ಕರೆಂಟು ಹರಿಯುವ ತಂತಿ ಗುರುವಿನ ಎರಡೂ ಧ್ರುವಗಳಲ್ಲಿ ಅಲ್ಲಿನ ಗಾಳಿಯನ್ನು ಮುಟ್ಟುತ್ತದೆ. ಅಲ್ಲಿ ಹೊಳೆಯುವ ಉಂಗುರವೇ ಮುಖ್ಯ ಅರೋರಾ. ಹಾಗಾಗಿ ಗುರುವಿನ ದೀಪಕ್ಕೆ ಎಣ್ಣೆ ಹೆಚ್ಚಾಗಿ ಮನೆಯದೇ. ಸೂರ್ಯನದು ಬರೀ ಒಗ್ಗರಣೆ. ಐಯೋವಿನಿಂದ ನೇರ ಧ್ರುವಕ್ಕೆ ಬರುವ ಇನ್ನೊಂದು ಕರೆಂಟೂ ಇದೆ. ಅದು ಬಿದ್ದ ಕಡೆ ಒಂದು ಚುಕ್ಕಿ, ಹಿಂದೆ ಒಂದು ಬಾಲ. ಉಪಗ್ರಹದ ಹೆಜ್ಜೆಗುರುತು ಎನ್ನುತ್ತಾರೆ. ಯುರೋಪಾ, ಗ್ಯಾನಿಮೀಡ್‌ಗಳ ಹೆಜ್ಜೆಯೂ ಕಾಣುತ್ತದೆ.

ನಮ್ಮ ಮನೆಯ ಮೀಟರ್ ಬಾಕ್ಸಿನಲ್ಲಿ ಸಣ್ಣ ಕೆಂಪು ದೀಪ ಇದೆ. ನಿಮ್ಮಲ್ಲೂ ಇರುತ್ತದೆ. ಫ್ಯಾನ್ ಒಂದೇ ಓಡುತ್ತಿದ್ದರೆ ಅದು ಆಗೊಮ್ಮೆ ಈಗೊಮ್ಮೆ ಮಿಣುಕುತ್ತದೆ. ಗೀಸರ್ ಹಾಕಿದರೆ ಪಟಪಟ ಬಡಿದುಕೊಳ್ಳುತ್ತದೆ. ಒಳಗೆ ಬರದೆಯೇ, ಗೇಟಿನ ಹತ್ತಿರ ನಿಂತೇ, ಮನೆಯೊಳಗೆ ಏನು ನಡೆಯುತ್ತಿದೆ ಅಂತ ಹೇಳಬಹುದು. ಅರೋರಾದ ಮಿಣುಕನ್ನು ಜನ ಇಷ್ಟು ಹಚ್ಚಿಕೊಂಡು ಅಳೆಯುವುದು ಅದಕ್ಕೇ. ಕೋಟಿ ಕಿಲೋಮೀಟರ್ ಅಗಲದ ಆ ಕಾಂತಕ್ಷೇತ್ರ ಕಣ್ಣಿಗೆ ಕಾಣುವುದಿಲ್ಲ. ಮೀಟರಿನ ದೀಪ ಕಾಣುತ್ತದೆ.

ಆದರೆ ಗುರುವಿನ ಮೀಟರಿನಲ್ಲಿ ಒಂದಲ್ಲ, ಹಲವು ದೀಪ. ಒಂದೊಂದರ ತಾಳ ಬೇರೆ. ಮುಖ್ಯ ಉಂಗುರ ಗಂಟೆಗಳ ಲೆಕ್ಕದಲ್ಲಿ ಏರಿಳಿಯುತ್ತದೆ. ಬೆಳಗಿನ ಬದಿಯಲ್ಲಿ ಕೆಲವು ಸಲ ದೊಡ್ಡ ಸ್ಫೋಟದ ಹಾಗೆ ಹೊಳಪು ಎದ್ದು ಕೆಲವು ಗಂಟೆ ಇರುತ್ತದೆ. ಉಂಗುರದ ಒಳಗೆ, ಧ್ರುವದ ಹತ್ತಿರ, ಹಬಲ್‌ಗೆ ಎರಡು ಮೂರು ನಿಮಿಷಕ್ಕೊಮ್ಮೆ ಮರುಕಳಿಸುವ ಮಿಂಚುಗಳು ಕಂಡಿವೆ. ಎಕ್ಸ್‌ರೇಯಲ್ಲಿ ನೋಡಿದರೆ ತಾಳ ಇನ್ನೂ ವಿಲಂಬಿತ. 2000ದ ಡಿಸೆಂಬರಿನಲ್ಲಿ ಚಂದ್ರ ಎಕ್ಸ್‌ರೇ ದೂರದರ್ಶಕಕ್ಕೆ ಉತ್ತರ ಧ್ರುವದಲ್ಲಿ ಸುಮಾರು 45 ನಿಮಿಷಕ್ಕೊಂದು ಬಡಿತ ಕೇಳಿಸಿತು. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ದೂರದರ್ಶಕ ಅದು. 2017ರಲ್ಲಿ ದಕ್ಷಿಣ ಧ್ರುವ ತನ್ನ ಪಾಡಿಗೆ ಒಂಬತ್ತು-ಹನ್ನೊಂದು ನಿಮಿಷದ ತಾಳ ಹಾಕುತ್ತಿದೆ ಎಂದು ಗೊತ್ತಾಯಿತು. ಒಂದೇ ಕಛೇರಿ, ಎರಡು ಮೃದಂಗ, ಎರಡು ತಾಳ!

ಆ ಬಡಿತ ಎಲ್ಲಿಂದ ಎನ್ನುವುದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು 2021ರಲ್ಲಿ. 2017ರ ಜುಲೈನಲ್ಲಿ ಯುರೋಪಿನ ಎಕ್ಸ್‌ರೇ ದೂರದರ್ಶಕ ಎಕ್ಸ್‌ಎಂಎಂ-ನ್ಯೂಟನ್ 26 ಗಂಟೆ ಬಿಡದೆ ಗುರುವನ್ನು ನೋಡಿತ್ತು. 27 ನಿಮಿಷಕ್ಕೊಮ್ಮೆ ಎಕ್ಸ್‌ರೇ ಮಿಣುಕುತ್ತಿತ್ತು. ಅದೇ ಹೊತ್ತಿಗೆ ಜುನೋ ದೂರದ ಕಾಂತಕ್ಷೇತ್ರದೊಳಗೆ ಇತ್ತು. ಅಲ್ಲಿನ ಕಾಂತರೇಖೆಗಳೂ ಅದೇ ತಾಳಕ್ಕೆ ಕಂಪಿಸುತ್ತಿದ್ದವು. ಆ ಕಂಪನ ಇನ್ನೊಂದು ಬಗೆಯ ಅಲೆ ಎಬ್ಬಿಸುತ್ತದೆ. ಐಯೋ ಕಳಿಸಿದ ಗಂಧಕ, ಆಮ್ಲಜನಕದ ಭಾರವಾದ ಅಯಾನುಗಳು ಆ ಅಲೆ ಏರಿ ಬಂದು ಧ್ರುವಕ್ಕೆ ಅಪ್ಪಳಿಸುತ್ತವೆ. ತಂಬೂರಿಯ ತಂತಿ ಮೀಟಿದವರು ಯಾರು ಎನ್ನುವ ಜಗಳ ಇನ್ನೂ ಮುಗಿದಿಲ್ಲ. ತಂತಿ ಸಿಕ್ಕಿತು, ಅಷ್ಟಾದರೂ ಸಮಾಧಾನ.

ಪಠ್ಯಪುಸ್ತಕದ ಹಾಗೆ ಗ್ರೈಂಡರ್ ಕಥೆ ಎಲ್ಲ ಕಡೆ ಸಲೀಸಾಗಿ ಹೊಂದುವುದಿಲ್ಲ ಎಂದೂ ಹೇಳಿಬಿಡುತ್ತೇನೆ. ಜುನೋ ಧ್ರುವದ ಮೇಲೆ ಹಾದಾಗ 4 ಲಕ್ಷ ವೋಲ್ಟ್‌ವರೆಗಿನ ವಿದ್ಯುತ್ ಒತ್ತಡ ಅಳೆಯಿತು. ಸರಿ, ಇದೇ ದೀಪ ಹಚ್ಚುತ್ತಿದೆ ಅಂದುಕೊಂಡರೆ, ಅತಿ ಪ್ರಖರವಾದ ಅರೋರಾ ಇದ್ದ ಕಡೆ ಎಲೆಕ್ಟ್ರಾನುಗಳು ಶಿಸ್ತಿನಿಂದ ಬರುತ್ತಿರಲಿಲ್ಲ, ಸಂತೆಯ ಗದ್ದಲದ ಹಾಗೆ ಬರುತ್ತಿದ್ದವು. ಸೆಕೆಂಡಿನ ಮಿಣುಕಿಗೂ ಈ ಗದ್ದಲಕ್ಕೂ ಸಂಬಂಧ ಇದೆ ಎಂದೇ ನನ್ನ ಅನಿಸಿಕೆ. ಅನಿಸಿಕೆ ಮಾತ್ರ.

ಪ್ರಶ್ನೆ: ಆಂಟಿ, ಗುರು ಗ್ರಹದ ಅರೋರಾ ನೀಲಿ ಬಣ್ಣ ಯಾಕೆ? (ಏಳನೇ ತರಗತಿ, ಗಿರಿನಗರ)

ಉತ್ತರ: ನೀಲಿ ಬಣ್ಣ ನಮ್ಮವರು ಹಚ್ಚಿದ್ದು ಪುಟ್ಟಾ. ನೇರಳಾತೀತ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಇನ್‌ಫ್ರಾರೆಡ್ಡೂ ಕಾಣುವುದಿಲ್ಲ. ಕಾಣದ್ದನ್ನು ತೋರಿಸಲು ಯಾವುದೋ ಒಂದು ಬಣ್ಣ ಕೊಡಬೇಕು. ಮ್ಯಾಪಿನಲ್ಲಿ ಕರ್ನಾಟಕಕ್ಕೆ ಹಳದಿ ಹಚ್ಚುತ್ತೀಯಲ್ಲ, ಹಾಗೆ.

ಪ್ರಶ್ನೆ: ಶನಿ, ಯುರೇನಸ್, ನೆಪ್ಚೂನ್‌ಗಳಲ್ಲೂ ಹೀಗೇನಾ? (ಓದುಗರು, ಹೊಸಕೋಟೆ)

ಉತ್ತರ: ನೀವು ಹೊಸಕೋಟೆಯವರು. ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದೇ ನಿಮ್ಮೂರಿನ ಹತ್ತಿರದಿಂದ, ಉಪಗ್ರಹ ಸಂಪರ್ಕದಲ್ಲಿ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಅಲ್ಲಿದೆ. ಬಸ್ಸಿನಲ್ಲಿ ಹೋಗುವಾಗ ಬೋರ್ಡ್ ನೋಡಿರಬಹುದು.

ಶನಿಯ ಅರೋರಾ ಸ್ವಭಾವದಲ್ಲಿ ಭೂಮಿ ಮತ್ತು ಗುರುವಿನ ನಡುವೆ. 2004ರ ಜನವರಿಯಲ್ಲಿ ಹಬಲ್ ಮತ್ತು ಶನಿಯ ಕಡೆ ಹೊರಟಿದ್ದ ಕ್ಯಾಸಿನಿ ನೌಕೆ ಒಟ್ಟಿಗೆ ನೋಡಿದಾಗ, ಸೌರಗಾಳಿಯ ಹೊಡೆತ ಬಂದ ಕೂಡಲೇ ಅಲ್ಲಿನ ಬೆಳಕು ಜೋರಾಯಿತು. ಸುಮಾರು ಒಂದು ಗಂಟೆಗೊಮ್ಮೆ ಬರುವ ಬಡಿತವೂ ಶನಿಗಿದೆ. ಯುರೇನಸ್‌ನ ಕಾಂತ ಅಕ್ಷ ತಿರುಗುವ ಅಕ್ಷಕ್ಕೆ ಸುಮಾರು 59 ಡಿಗ್ರಿ ಓರೆ. ಹಾಗಾಗಿ ಅರೋರಾ ಧ್ರುವ ಬಿಟ್ಟು ಎಲ್ಲೆಲ್ಲೋ ಅಲೆಯುತ್ತದೆ. ಅದನ್ನು ಹಬಲ್‌ನಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ ಯುರೇನಸ್‌ನ ದಿನ 17 ಗಂಟೆ 14 ನಿಮಿಷ 52 ಸೆಕೆಂಡು ಎಂದು 2025ರಲ್ಲಿ ಪಕ್ಕಾ ಮಾಡಿದರು. ಮೊದಲಿನ ಲೆಕ್ಕಕ್ಕಿಂತ 28 ಸೆಕೆಂಡು ಜಾಸ್ತಿ. ನೆಪ್ಚೂನ್‌ನ ಅರೋರಾವನ್ನು ಚಿತ್ರದಲ್ಲಿ ಹಿಡಿದದ್ದೇ ವೆಬ್, 2023ರ ಜೂನ್‌ನಲ್ಲಿ. ಅವೆರಡರ ಸೆಕೆಂಡಿನ ಕುಣಿತ ನೋಡುವಷ್ಟು ಬೆಳಕು ಇನ್ನೂ ನಮ್ಮ ಕೈಗೆ ಸಿಗುತ್ತಿಲ್ಲ.

ಪ್ರಶ್ನೆ: ನಮ್ಮ ಮನೆ ತಾರಸಿಯಿಂದ ಇದನ್ನೆಲ್ಲ ನೋಡಲು ಎಷ್ಟು ದೊಡ್ಡ ಟೆಲಿಸ್ಕೋಪ್ ಬೇಕು? (ಓದುಗರು, ನಾಗರಭಾವಿ)

ಉತ್ತರ: ಎಷ್ಟು ದುಡ್ಡು ಸುರಿದರೂ ಆಗುವುದಿಲ್ಲ. ಗುರುವಿನ ನೇರಳಾತೀತವನ್ನು ನಮ್ಮ ಓಝೋನ್ ಮತ್ತು ಗಾಳಿ ತಡೆದುಬಿಡುತ್ತವೆ. ಸಣ್ಣ ಟೆಲಿಸ್ಕೋಪಿನಲ್ಲಿ ಐಯೋವನ್ನು ನೋಡಬಹುದು. ಗುರುವಿನ ಪಕ್ಕ ಒಂದು ಚುಕ್ಕಿ. ಹಿಟ್ಟು ಹಾಕುವವರನ್ನಾದರೂ ನೋಡಿದ ಹಾಗಾಯಿತು.

ನೋಡಲಾಗದಿದ್ದರೂ ಕೇಳಬಹುದು! ಅರೋರಾ ಹಚ್ಚುವ ಎಲೆಕ್ಟ್ರಾನುಗಳ ಬಳಗವೇ ರೇಡಿಯೋ ಅಲೆಯನ್ನೂ ಕೊಡುತ್ತದೆ. 1955ರಲ್ಲಿ ಬರ್ಕ್ ಮತ್ತು ಫ್ರಾಂಕ್ಲಿನ್ ಎನ್ನುವವರು ಅಮೆರಿಕದ ಒಂದು ಹೊಲದಲ್ಲಿ ತಂತಿ ಕಟ್ಟಿಕೊಂಡು ಬೇರೇನೋ ಹುಡುಕುತ್ತಿದ್ದಾಗ ಇದು ಸಿಕ್ಕಿತು. 1964ರಲ್ಲಿ ಬಿಗ್ ಎನ್ನುವವರು ಐಯೋ ಇಂಥಿಂಥ ಜಾಗದಲ್ಲಿದ್ದಾಗ ಸದ್ದು ಜೋರು ಎಂದು ತೋರಿಸಿದರು. 20 ಮೆಗಾಹರ್ಟ್ಸ್ ಆಸುಪಾಸಿನ ಶಾರ್ಟ್‌ವೇವ್ ರಿಸೀವರ್, ಏಳು ಮೀಟರಿನಷ್ಟು ತಂತಿ, ಒಂದು ರಾತ್ರಿ. ಇಷ್ಟು ಸಾಕು.

ಎರಡು ಥರ ಸದ್ದು ಬರುತ್ತದೆ. ಒಂದು ಕಡಲ ತೀರದಲ್ಲಿ ಅಲೆ ಬಂದು ಹೋದ ಹಾಗೆ, ಸೆಕೆಂಡುಗಳ ಲೆಕ್ಕದಲ್ಲಿ ಉಕ್ಕಿ ಇಳಿಯುತ್ತದೆ. ಇನ್ನೊಂದು ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಈ ಎರಡನೆಯದರಲ್ಲಿ ಒಂದೊಂದು ಸಿಡಿತ ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದ್ದು. ಅದು ಗುರುವಿನದೇ. ಮೊದಲನೆಯದು ಇಲ್ಲಿಗೆ ಬರುವ ದಾರಿಯಲ್ಲಿ ಸೌರಗಾಳಿ ಅಡ್ಡ ಬಂದು ಮಾಡುವ ಕಿತಾಪತಿ. ನಮ್ಮ ಲ್ಯಾಬಿನ ಫ್ಯಾನ್ ನೆನಪಾಯಿತೇ?

ನಾನು ಮೊದಲು ಮನೆಯ ತಾರಸಿಯಲ್ಲೇ, ಬಟ್ಟೆ ಒಣಗಿಸುವ ಎರಡು ಕಂಬಗಳ ಮಧ್ಯೆ ತಂತಿ ಕಟ್ಟಿದೆ. ಮೂರು ರಾತ್ರಿ ಕೂತೆ. ಗರ್ ಎನ್ನುವ ಸದ್ದು ಹತ್ತಿತು. ಗುರುವೇ ಎಂದು ಪುಸ್ತಕದಲ್ಲಿ ಸಮಯವೂ ಬರೆದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಎದುರು ಮನೆಯ ಮೆಟ್ಟಿಲ ಮೇಲಿನ ಅಗ್ಗದ ಎಲ್‌ಇಡಿ ಬಲ್ಬು. ಅವರು ಆಫ್ ಮಾಡಿದರೆ ಸದ್ದು ನಿಲ್ಲುತ್ತಿತ್ತು. ಕೆಳಗೆ ನಮ್ಮದೇ ಇನ್ವರ್ಟರ್ ಬೇರೆ. ಒಂದು ರಾತ್ರಿ ಇಡೀ ಬಡಾವಣೆಗೆ ಕರೆಂಟು ಹೋದಾಗ ಓಡಿಹೋಗಿ ಹೆಡ್‌ಫೋನ್ ಹಾಕಿಕೊಂಡೆ. ಎಲ್ಲರ ಇನ್ವರ್ಟರೂ ಒಟ್ಟಿಗೆ ಶುರುವಾದವು.

ಕೊನೆಗೆ ಅದೇ ತಂತಿ ಸುತ್ತಿಕೊಂಡು ಗೌರಿಬಿದನೂರಿನ ಕಡೆ ಹಳೆಯ ವಿದ್ಯಾರ್ಥಿಯೊಬ್ಬನ ತೋಟಕ್ಕೆ ಹೋದೆ. ಅಲ್ಲಿಗೇ ಯಾಕೆಂದರೆ ಗೌರಿಬಿದನೂರಿನ ಹತ್ತಿರ ದೊಡ್ಡ ರೇಡಿಯೋ ದೂರದರ್ಶಕ ಕಟ್ಟಿದ್ದು ಕೂಡ ಈ ಗದ್ದಲ ಕಡಿಮೆ ಎಂದೇ ಅಲ್ಲವೇ ಎನ್ನುವುದು ನನ್ನ ತರ್ಕ. ಎರಡು ತೆಂಗಿನ ಮರಕ್ಕೆ ತಂತಿ ಕಟ್ಟಿದ. ರಾತ್ರಿ ಒಂದೂವರೆಯವರೆಗೆ ಬರೀ ಸುಯ್ ಎನ್ನುವ ಸದ್ದು. ಅವನ ತಾಯಿ ಎರಡು ಸಲ ಕಾಫಿ ತಂದುಕೊಟ್ಟರು. ಅವರಿಗೆ ಹೆಡ್‌ಫೋನ್ ಕೊಟ್ಟು ನಾನು ಲೋಟ ಹಿಡಿದು ಎದ್ದೆ, ಅಷ್ಟೆ. ‘ಇದೇನ್ ಮೇಡಂ, ಸಾಸಿವೆ ಸಿಡಿದಂಗಾಗ್ತೈತೆ’ ಅಂದರು. ಕಿತ್ತುಕೊಂಡು ಕಿವಿಗಿಟ್ಟೆ. ಹನ್ನೊಂದು ನಿಮಿಷ ಕೇಳಿಸಿತು. ಪಟ್‌ಪಟ್‌ಪಟ್, ಸ್ವಲ್ಪ ಬಿಡುವು, ಮತ್ತೆ ಪಟಪಟ. ಅಷ್ಟರಲ್ಲಿ ಪಕ್ಕದ ತೋಟಕ್ಕೆ ತ್ರೀ ಫೇಸ್ ಬಂತು, ಪಂಪ್‌ಸೆಟ್ ಶುರುವಾಯಿತು.